ಕಾದ ಕಾರಿನಲ್ಲೊಂದು ತಣ್ಣನೆ ಜಾಗ

ರೇಡಿಯೇಟರಿನ ಬಾಯಿಯ ಒಳಅಂಚಿನಲ್ಲಿ ಸುತ್ತಲೂ ಒಂದು ಹಳದಿ ಗೆರೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಮೇಣದಂತೆ ಸುರುಳಿಯಾಗಿ ಬರುತ್ತಿತ್ತು. ತುಕ್ಕು ಕೆಂಪಗಿರುತ್ತದೆ, ಸುಣ್ಣ ಬೆಳ್ಳಗಿರುತ್ತದೆ. ಇದು ಎರಡೂ ಅಲ್ಲ ಎಂಬುದಷ್ಟೇ ಆಗ ನನಗೆ ತಿಳಿದದ್ದು.

ಅಪ್ಪ ಆ ಕಾರನ್ನು ಕೊಂಡು ಹತ್ತು ದಿನವಾಗಿತ್ತು. ಅವರು ಮಂಡ್ಯದಲ್ಲಿ ವಕೀಲರು. ಚಿಕ್ಕರಸಿನಕೆರೆ ಕಡೆಯ ಕಕ್ಷಿದಾರರೊಬ್ಬರು ಕಾರನ್ನು ಕೊಟ್ಟುಬಿಡುತ್ತೇವೆಂದಾಗ ಏಕೆಂದು ಅಪ್ಪ ಕೇಳಲಿಲ್ಲ. ಯುದ್ಧದ ಕಾಲ, ಹಳೆಯ ಕಾರೂ ಸುಲಭವಾಗಿ ಸಿಗುತ್ತಿರಲಿಲ್ಲ. ಕಾರಿನ ಜೊತೆಗೆ ಅದರ ಡ್ರೈವರೂ ಬಂದ. ಐವತ್ತು ದಾಟಿದ್ದ, ಮಾತು ಕಡಿಮೆ.

ಕೊಂಡದ್ದು ಅಕ್ಕನಿಗಾಗಿ. ಅವಳನ್ನು ಹಲಗೂರಿಗೆ ಕೊಟ್ಟಿತ್ತು. ಮೊದಲ ಸಲ ನೋವು ಶುರುವಾದ ಮೇಲೆ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟಿದ್ದರು. ಮಗು ದಾರಿಯಲ್ಲೇ ಹೋಯಿತು, ಅಕ್ಕ ಉಳಿದದ್ದೇ ಹೆಚ್ಚು. ಈ ಸಲ ಏಳು ತಿಂಗಳಲ್ಲಿ ಜ್ವರ ಬಂದು ಅವಳನ್ನು ತವರಿಗೆ ಕರೆತರಲಾಗಲಿಲ್ಲ. ಎಂಟರಲ್ಲಿ ಬಸುರಿಯನ್ನು ಮನೆಯಿಂದ ಕಳಿಸುವುದಿಲ್ಲ. ಗುರುವಾರಕ್ಕೆ ಒಂಬತ್ತು ಬೀಳುತ್ತಿತ್ತು, ಅಂದೇ ಕರೆತರಬೇಕು. ಆದರೆ ಕಾರು ಆಗಲೇ ಎರಡು ಸಲ ಕುದಿದು ನಿಂತಿತ್ತು, ಎರಡು ಸಲವೂ ಒಂದೇ ಜಾಗದಲ್ಲಿ. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವಳೆಂಬ ಒಂದೇ ಕಾರಣಕ್ಕೆ ಅಪ್ಪ ಇದನ್ನು ನನಗೆ ಬಿಟ್ಟು ಕೋರ್ಟಿಗೆ ಹೋದರು.

ಮಂಗಳವಾರ ಡ್ರೈವರನ ಜೊತೆ ಹೊರಟೆ. ಮದ್ದೂರು ದಾಟಿ ಮಳವಳ್ಳಿ ರಸ್ತೆಯಲ್ಲಿ ಒಂದು ಕೆರೆ, ಅದರ ಪಕ್ಕದಲ್ಲಿ ಉದ್ದನೆಯ ಏರು. ಮಟಮಟ ಮಧ್ಯಾಹ್ನ. ಕೆರೆಯ ನೀರು ಅಲುಗುತ್ತಿರಲಿಲ್ಲ, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಏರಿನ ನಡುವೆ, ಹಿಂದೆ ಎರಡು ಸಲ ನಿಂತಿದ್ದ ಜಾಗದಲ್ಲೇ, ಕಾರು ನಡುಗಿ ನಿಂತಿತು.

ಮುಂದಿನಿಂದ ಹಬೆ ಎದ್ದಿತು. ಹಬೆಯಲ್ಲಿ ಅರಿಶಿನದ ವಾಸನೆಯಿತ್ತು. ಅಡುಗೆಮನೆಯ ಅರಿಶಿನದ್ದಲ್ಲ, ಹಚ್ಚಿದ ಅರಿಶಿನದ ಮೇಲೆ ಬಿಸಿನೀರು ಸುರಿದಾಗ ಏಳುವಂಥದ್ದು. ಅದನ್ನು ನಾನು ಒಮ್ಮೆ ಮಾತ್ರ ಮೂಸಿದ್ದೆ, ಅಮ್ಮ ಮುತ್ತೈದೆಯಾಗಿ ತೀರಿಕೊಂಡಾಗ, ಹಿತ್ತಲಲ್ಲಿ ಅವಳನ್ನು ಮೀಯಿಸಿದ ದಿನ.

ವಾಸನೆಯನ್ನು ಬದಿಗಿಟ್ಟು ಒಂದೊಂದಾಗಿ ನೋಡಿದೆ. ಫ್ಯಾನಿನ ಬೆಲ್ಟು ಬಿಗಿಯಾಗಿತ್ತು. ಎಣ್ಣೆ ಇತ್ತು. ನೀರು ಇನ್ನೂ ಮುಕ್ಕಾಲು ಪಾಲು ಇತ್ತು, ಎಲ್ಲೂ ಸೋರುತ್ತಿರಲಿಲ್ಲ. ರೇಡಿಯೇಟರಿನ ಮೇಲ್ಭಾಗ ಮುಟ್ಟಲಾಗದಷ್ಟು ಸುಡುತ್ತಿತ್ತು. ಕೈಯನ್ನು ಸ್ವಲ್ಪ ದೂರದಲ್ಲೇ ಹಿಡಿದು ಕೆಳಕ್ಕೆ ತಂದೆ. ನಡುವಿಗಿಂತ ತುಸು ಕೆಳಗೆ ಕಾವು ಥಟ್ಟನೆ ನಿಂತಿತು. ಮುಟ್ಟಿದೆ. ತಣ್ಣಗಿತ್ತು. ಸುತ್ತಲೂ ಬೆಂಕಿಯಂತಿದ್ದ ಲೋಹದಲ್ಲಿ ಸರಿಯಾಗಿ ಒಂದು ಅಂಗೈಯಷ್ಟು ಜಾಗ.

ಡ್ರೈವರು ಚಪ್ಪಲಿ ಕಳಚಿ ದೂರ ನಿಂತಿದ್ದ.

"ಕೈ ತಗೀರವ್ವಾ" ಅಂದ.

"ಯಾಕಪ್ಪ?"

"ಅಲ್ಲಿ ಅವ್ರು ಕೈ ಮಡಗವ್ರೆ."

"ಯಾರು?"

"ವಸಿ ಒತ್ತು ಬುಟ್ರೆ ಒರಡ್ತದೆ, ಸುಮ್ಕಿರಿ" ಅಂದ. ಒಂದು ಗಂಟೆ ಬಿಟ್ಟು ಕಾರು ಹೊರಟಿತು. ಪೆಟ್ರೋಲಿನ ಕೂಪನ್ನು ಹಲಗೂರಿಗೆ ಒಮ್ಮೆ ಹೋಗಿಬರುವಷ್ಟೇ ಉಳಿದಿತ್ತು, ಅಲ್ಲಿಂದಲೇ ಮಂಡ್ಯಕ್ಕೆ ತಿರುಗಿಸಿದೆವು.

ಬುಧವಾರ ಬೆಳಿಗ್ಗೆ ಪೇಟೆಯ ಮೆಕ್ಯಾನಿಕ್ ಸಾಬರ ಬಳಿಗೆ ಹೋದೆವು. ವಯಸ್ಸಾದವರು, ನಗಿಸುವ ಸ್ವಭಾವ. ರೇಡಿಯೇಟರನ್ನು ಬಿಚ್ಚಿ ಕಲ್ಲಿಗೆ ಒರಗಿಸಿ ಮೇಲಿನಿಂದ ನೀರು ಹೊಯ್ದರು. ಚೊಂಬುಗಟ್ಟಲೆ ಹೊಯ್ದರೂ ಕೆಳಗೆ ತೊಟ್ಟು ತೊಟ್ಟಾಗಿಯೇ ಬಂದಿತು. ಅದನ್ನು ತಲೆಕೆಳಗು ಮಾಡಿ, ಬಿಸಿನೀರಿಗೆ ಸೋಡ ಹಾಕಿ ತೊಳೆದರು. ಆಮೇಲೆ ಹುಣಿಸೆ ನೀರು. ಹಳದಿ ಕೆಸರು ಉಂಡೆಯುಂಡೆಯಾಗಿ ಬೀಳತೊಡಗಿತು.

"ಏನಮ್ಮಾ ಇದು, ರೇಡಿಯೇಟರೋ ಹುಳಿ ತಪ್ಪಲೆಯೋ? ಬೇಳೆ ಒಂದು ಹಾಕಿದ್ರೆ ಊಟಕ್ಕಾಗ್ತಿತ್ತು!" ಅಂದರು. ಡ್ರೈವರನ ಕಡೆ ತಿರುಗಿ, "ತೂತು ಮುಚ್ಚೋಕೆ ಒಂದು ಚಿಟಿಕೆ ಅರಿಶಿನ ಎಲ್ಲಾರೂ ಹಾಕ್ತಾರೆ, ನಾನೂ ಹಾಕಿದೀನಿ. ಇಷ್ಟು ಮದುವೆ ಹೆಣ್ಣಿಗೂ ಬಳಿಯಲ್ವಲ್ಲಯ್ಯ!"

"ಅದಕ್ಕೇ ಕಾಯ್ತಿತ್ತಾ?" ಎಂದು ಕೇಳಿದೆ.

"ಮತ್ತಿನ್ನೇನಮ್ಮ? ಕೊಳವೆ ಕಟ್ಟಿಕೊಂಡೈತೆ. ಬಿಸಿನೀರು ಹೋಗದಿರೋ ಕಡೆ ತಣ್ಣಗೇ ಇರ್ತದೆ. ನೀರು ಇಳೀದೆ ಇಂಜಿನ್ನು ಕುದೀತದೆ."

ಇಷ್ಟೇ. ತರಗತಿಯಲ್ಲಿ ಓದಿದ್ದೇ. ಸಮಾಧಾನವಾಗಬೇಕಿತ್ತು. ಡ್ರೈವರು ಮಾತ್ರ ಬೀದಿಯಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಹತ್ತಿರ ಹೋಗಿ ನಿಂತೆ.

"ನಾನೇ ಕಣವ್ವ ಆಕಿದ್ದು" ಅಂದ. "ಸುಕ್ರವಾರ ಸುಕ್ರವಾರ ಒಂದೊಂದ್ ಇಡಿ ಅರಿಸ್ನ."

"ಸೋರುತ್ತಿರಲಿಲ್ಲವಲ್ಲ?"

"ಸೋರೋದ್ಕಲ್ಲ. ಓದ್ ವರ್ಸ ನಮ್ ಯಜಮಾನಮ್ಮೋರ್ಗೆ ಎರಿಗೆ ನೋವು ಬಂತು. ಮದ್ದೂರ್ಗೆ ಕರ್ಕಂಡೋಯ್ತಿದ್ದೆ. ಆ ಏರಲ್ಲಿ ರೇಡಿಯೇಟ್ರು ಸೋರಿ ನಿಂತೋಯ್ತು. ಕೆರೆ ನೀರು ತಂದು ಉಯ್ದೆ, ಉಯ್ದಂಗೇ ಸುರ್ದೋಯ್ತದೆ. ಅರಿಸ್ನ ಇದ್ದಿದ್ರೆ ಆಯ್ತಿತ್ತು ಅಂದೆ. ಅವ್ರೇ ಸೆರಗಿನ ಗಂಟು ಬಿಚ್ಚಿ ಕೊಟ್ರು ಕಣವ್ವ, ಅತ್ತೆ ಕಟ್ಟಿ ಕಳ್ಸಿದ್ ಅರಿಸ್ನ. ಆಕ್ದೆ. ಸೋರೋದು ನಿಂತ್ಕತು, ಕಾರು ಒರಡ್ತು. ಮದ್ದೂರು ಬಂತು ಅಂತ ತಿರುಗಿ ನೋಡ್ತೀನಿ..." ನಿಲ್ಲಿಸಿ ಮೂಗು ಒರೆಸಿಕೊಂಡ. "ಮುತ್ತೈದೆ ಸೆರಗಿನ ಅರಿಸ್ನ ಇಸ್ಕಂಬುಟ್ನಲ್ಲವ್ವ. ತಿರುಗಿ ಕೊಡ್ಬ್ಯಾಡ್ವಾ?"

"ನಮಗೆ ಮೊದಲೇ ಹೇಳಬಾರದಿತ್ತಾ?"

"ಯೋಳಿದ್ರೆ ಕಾರು ತಗತಿದ್ರಾ?"

"ಹಿಂದಿನ ಸೀಟಿನಲ್ಲಿ ಯಾವ ಕಡೆ ಕೂತಿದ್ದರು?" ಎಂದು ಕೇಳಿದೆ. ಏಕೆ ಕೇಳಿದೆನೋ.

"ಎಡಗಡೆ ಕಿಟ್ಕಿ ತಾವು."

"ಇನ್ನು ಹಾಕಬೇಡಪ್ಪ. ನಾಳೆ ನಮ್ಮಕ್ಕ ಕೂರ್ತಾಳೆ."

"ಆಕಲ್ಲ" ಅಂದ. ಆಮೇಲೆ ಮೆಲ್ಲಗೆ, "ಅವ್ರು ಕೇಳುದ್ರೆ?"

ಸಾಬರು ರೇಡಿಯೇಟರನ್ನು ಕೂರಿಸಿ ಇಂಜಿನ್ನನ್ನು ಕಾಲು ಗಂಟೆ ಓಡಿಸಿದರು. ಮೇಲಿನಿಂದ ಕೆಳಗಿನವರೆಗೆ ಕೈಯಾಡಿಸಿದೆ. ಕಾವು ಹದವಾಗಿ ಇಳಿಯುತ್ತಿತ್ತು, ತಣ್ಣನೆ ಜಾಗ ಎಲ್ಲೂ ಸಿಗಲಿಲ್ಲ. ಕೊಳವೆ ಕಟ್ಟಿಕೊಂಡಿತ್ತು, ಸರಿಹೋಯಿತು ಎಂದಷ್ಟೇ ಅಪ್ಪನಿಗೆ ಹೇಳಿದೆ.

ಮರುದಿನ ಬೆಳಕು ಹರಿಯುವಾಗಲೇ ಹೊರಟೆವು. ಆ ಏರಿನಲ್ಲಿ ಡ್ರೈವರು ವೇಗ ಇಳಿಸಿದ. "ನಿಲ್ಲಿಸಬೇಡಪ್ಪ" ಅಂದೆ. ಹಬೆ ಏಳಲಿಲ್ಲ. ವಾಸನೆ ಮಾತ್ರ ಇತ್ತು. ತೊಳೆದ ಪಾತ್ರೆಯಲ್ಲೂ ಅರಿಶಿನ ಎರಡು ದಿನ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹಲಗೂರಿನಲ್ಲಿ ಅಕ್ಕ ಸೊಂಟಕ್ಕೆ ಕೈಕೊಟ್ಟುಕೊಂಡು ನಿಧಾನವಾಗಿ ಬಂದವಳು ನೇರ ಎಡಗಡೆಯ ಬಾಗಿಲಿಗೆ ಕೈಹಾಕಿದಳು. "ಆ ಕಡೆ ಬಿಸಿಲು ಕಣೇ" ಎಂದು ಅವಳನ್ನು ಬಲಗಡೆ ಕೂರಿಸಿದೆ. ಆಮೇಲೆ ಸುತ್ತಿ ಬಂದು ಎಡಗಡೆಯಿಂದ ಹತ್ತಿ, ಕಿಟಕಿಯ ಬಳಿ ಎಳ್ಳಷ್ಟೂ ಜಾಗ ಉಳಿಯದಂತೆ ಒತ್ತಿ ಕೂತೆ.