ಏಳನೆಯ ತೊಲೆ

ನಮ್ಮ ಮನೆಯ ಹೊಸ್ತಿಲು ಸಮುದ್ರಮಟ್ಟಕ್ಕಿಂತ ಒಂದಾಳು ಕೆಳಗಿದೆ. ಉಟ್ರೆಕ್ಟ್ ನಗರದಲ್ಲಿ ಓದುವಾಗ ಇದು ನನಗೆ ಬರೀ ಭೂಗೋಳದ ಪಾಠವಾಗಿತ್ತು; ಮಗಳು ಮಿರ್ತೆ ಹುಟ್ಟಿದ ಮೇಲೆ ಭಯವಾಯಿತು. ಗಾಳಿ ಬೀಸಿದಾಗಲೆಲ್ಲ ತೊಟ್ಟಿಲನ್ನು ಮಹಡಿಗೆ ಹೊರುತ್ತೇನೆ.

ನನ್ನ ಧೈರ್ಯವೆಂದರೆ ಕಡಲನ್ನು ತಡೆಯುವ ಏರಿಯನ್ನು ಕಾಯುವ ಅಜ್ಜ, ಕ್ರೈನ್ ವಿಸ್ಸೆ. ಸಾವಿರದ ಒಂಬೈನೂರ ಐವತ್ತಮೂರರ ನೆರೆಯಲ್ಲಿ ಅವರಿಗೆ ಎರಡು ವರ್ಷ. ತಾಯಿ ಮನೆಯ ಹೆಂಚಿನ ಮೇಲೆ ಕೂತು ಅವರನ್ನು ಒಂದು ಹಗಲು, ಒಂದು ರಾತ್ರಿ ಎದೆಗವಚಿಕೊಂಡಿದ್ದಳು. ದೋಣಿ ಬಂದಾಗ ಮಗು ಬೆಚ್ಚಗಿತ್ತು, ತಾಯಿ ತಣ್ಣಗಾಗಿದ್ದಳು. ಕ್ರೈನ್ ಬೆಳೆದು ಕಮ್ಮಾರರಾದರು. ನಲವತ್ತು ವರ್ಷದಿಂದ ಸಂಬಳವಿಲ್ಲದೆ ಏರಿ ಕಾಯುತ್ತಿದ್ದಾರೆ.

ಬಂದರಿಗೆ ಹೋಗುವ ರಸ್ತೆ ಏರಿಯನ್ನು ಸೀಳಿಕೊಂಡು ಹೋಗುತ್ತದೆ. ಬಿರುಗಾಳಿ ಬಂದರೆ ಆ ಬಾಯಿಗೆ ಹನ್ನೆರಡು ಓಕ್ ತೊಲೆಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಬೇಕು. ಬಾಯಿ ಕೆಳಗೆ ಕಿರಿದು, ಮೇಲೆ ಅಗಲ; ಒಂದರ ಜಾಗಕ್ಕೆ ಇನ್ನೊಂದು ಕೂರದು. ಒಂದೊಂದು ತೊಲೆ ಕೂತಾಗಲೂ ಕ್ರೈನಜ್ಜ ಅದನ್ನು ಕೊಟ್ಟವರ ಹೆಸರು ಹೇಳಿ ಟೋಪಿ ತೆಗೆಯುತ್ತಾರೆ. ಏಳನೆಯದು ನೂರಾರು ವರ್ಷಗಳ ಹಿಂದಿನ ಹಡಗಿನ ವರ್ತಕ ಲೀವನ್ ಬಾಸ್ಟಿಂಕ್ ಎಂಬವನದು.

ಕಳೆದ ವಸಂತದ ಊರಸಭೆಯಲ್ಲಿ ಕ್ರೈನಜ್ಜನ ಅಣ್ಣನ ಮೊಮ್ಮಗಳು, ಆಮ್‌ಸ್ಟರ್‌ಡಾಮಿನಲ್ಲಿ ಓದುವ ತನ್ನೆ, ಎದ್ದು ನಿಂತಳು.

"ಅಜ್ಜ, ಮನುಷ್ಯರನ್ನ ಸರಪಳಿ ಹಾಕಿ ಮಾರಿದೋನಿಗೆ ಟೋಪಿ ತೆಗೀತೀಯಲ್ಲ, ನಾಚಿಕೆ ಆಗಲ್ವಾ? ನಮ್ಮ ನಾಗರಿಕತೆ ಅಂತ ಮೆರೆಯೋದೆಲ್ಲ ಕದ್ದ ಮಾಲು!"

"ಮಾರಿದ್ದು ನಿಜ. ನಿಂಗೆ ಹೆಂಗೆ ಗೊತ್ತಾಯ್ತು?"

"ದಾಖಲೆ ಇದೆ."

"ಅದನ್ನ ಜೋಪಾನವಾಗಿ ಇಟ್ಟೋರೂ ನಮ್ಮೋರೇ. ತಪ್ಪು ಅಂತ ಕೂಗಿದೋರಲ್ಲೂ ನಮ್ಮೋರಿದ್ರು. ಹಿರಿಯರನ್ನ ಸಭೇಲಿ ನಿಲ್ಲಿಸಿ ಬೈದ್ರೂ ನಿನ್ನ ಯಾರೂ ಜೈಲಿಗೆ ಹಾಕಲ್ಲ. ಅದು ಪುಕ್ಕಟೆ ಬಂತಾ? ಬೈಯವ್ವ, ಚೆನ್ನಾಗಿ ಬೈ. ಉಂಡ ಮನೆ ಜಂತೆ ಬೇಕಾದ್ರೆ ಎಣಿಸು, ಕಿತ್ಕೊಂಡು ಮಾತ್ರ ಹೋಗ್ಬೇಡ."

ಸಭೆ ನಕ್ಕಿತು. ಆದರೆ ಆ ತೊಲೆಯನ್ನು ಏರಿಯಿಂದ ತೆಗೆಯಬೇಕೇ ಎಂಬ ಮತ ತನ್ನೆಯ ಕಡೆಗೆ ಬಿತ್ತು. ನಾನೂ ಕೈ ಎತ್ತಿದೆ. ನನ್ನ ಮಗಳು ಪಾಪದ ನೆರಳಲ್ಲಿ ಬೆಳೆಯಬಾರದೆಂದು. ಏಳನೆಯ ತೊಲೆ ಸಮುದಾಯ ಭವನದ ಗೋಡೆಗೇರಿತು, ಕೆಳಗೊಂದು ಧಿಕ್ಕಾರದ ಫಲಕ. ಭವನದ ಕೀಲಿ ನನ್ನ ಹತ್ತಿರ. ಹೊರಗಿನ ಬಡಗಿಯೊಬ್ಬ ಹೊಸ ತೊಲೆ ಕೊಯ್ದು ತಂದಿಟ್ಟ.

ನವೆಂಬರಿನಲ್ಲಿ, ಒಂದು ಮಧ್ಯಾಹ್ನ, ಬಿರುಗಾಳಿಯ ಎಚ್ಚರಿಕೆ ಬಂತು. ನಾಲ್ಕು ಗಂಟೆಗೆ ಉಬ್ಬರ. ಮಿರ್ತೆಯನ್ನು ಎದೆಗೆ ಕಟ್ಟಿಕೊಂಡು ಏರಿಗೆ ಓಡಿದೆ. ರಜೆಗೆ ಬಂದಿದ್ದ ತನ್ನೆಯೂ ತೊಲೆಗೆ ಹೆಗಲು ಕೊಟ್ಟಿದ್ದಳು. ಆರು ಕೂತವು. ಹೊಸ ಏಳನೆಯದನ್ನು ಇಳಿಸಿದರೆ ಒಂದು ಗೇಣು ಗಿಡ್ಡ! ಬಡಗಿ ಆರನೆಯದರ ಅಳತೆ ಹಿಡಿದಿದ್ದ. ನಾವ್ಯಾರೂ ಅದನ್ನು ಇಳಿಸಿ ನೋಡಿರಲಿಲ್ಲ.

"ಎಂಟನೇದೇ ಹಾಕಿ!" ಯಾರೋ ಕೂಗಿದರು.

"ಉದ್ದ ಜಾಸ್ತಿ, ನಡುವೇನೇ ಸಿಕ್ಕಿಹಾಕ್ಕೊಳ್ಳತ್ತೆ. ಕೆಳಗೆ ಸಂದು ಬಿಟ್ರೆ ಊರೇ ಹೋಗತ್ತೆ," ಎಂದರು ಕ್ರೈನಜ್ಜ. ನೀರು ಆಗಲೇ ಮೂರನೆಯ ತೊಲೆಯನ್ನು ನೆಕ್ಕುತ್ತಿತ್ತು. ಅವರು ತನ್ನೆಯತ್ತ ನೋಡಲೂ ಇಲ್ಲ. ಅದೇ ಅವಳಿಗೆ ನಾಟಿತೇನೋ, ನನ್ನತ್ತ ತಿರುಗಿ ಕೂಗಿದಳು.

"ಕೀಲಿ, ಅಕ್ಕ, ಕೀಲಿ!"

ಭವನದ ಬಾಗಿಲಲ್ಲಿ ತನ್ನೆಯೇ ನನ್ನ ಕೈಯಿಂದ ಕೀಲಿ ಕಿತ್ತುಕೊಂಡು ತೆಗೆದಳು. ಹಿಂದೆಯೇ ಬಂದ ಮೂವರ ಜೊತೆ ತೊಲೆಯನ್ನು ಗೋಡೆಯಿಂದಿಳಿಸಿ, ಹೆಣ ಹೊತ್ತಂತೆ ಹೊತ್ತು ಓಡಿದಳು. ನಾವು ಮುಟ್ಟುವಾಗ ನೀರು ಐದನೆಯ ತೊಲೆಗೇರಿತ್ತು. ಧಡ್ ಎಂದು ತೊಲೆ ತನ್ನ ಜಾಗದಲ್ಲಿ ಕೂತಿತು.

ಕ್ರೈನಜ್ಜ ಟೋಪಿ ತೆಗೆದರು. "ನೀನೇ ಹೇಳವ್ವ."

"ಏನಂತ?"

"ಇದ್ದದ್ದನ್ನ. ಎರಡೂ."

ತನ್ನೆಯ ಗಲ್ಲದಿಂದ ಮಳೆನೀರು ಸುರಿಯುತ್ತಿತ್ತು. "ಲೀವನ್ ಬಾಸ್ಟಿಂಕ್. ಮನುಷ್ಯರನ್ನ ಮಾರಿದೋನು." ಮುಖ ಒರೆಸಿಕೊಂಡಳು. "ಈ ತೊಲೆ ಕೊಟ್ಟೋನು."

"ಹೂಂ. ಎಂಟು ತನ್ನಿ."

ನಾಲ್ಕು ಗಂಟೆಗೆ ನೀರು ಒಂಬತ್ತನೆಯ ತೊಲೆಗೇರಿತು. ಏಳನೆಯದು ನರಳಿತು, ಜಗ್ಗಲಿಲ್ಲ. ಊರಿನ ಬದಿಯಲ್ಲಿ ನಿಂತು ಅದರ ಮೇಲೆ ಅಂಗೈ ಇಟ್ಟೆ; ಆಚೆ ಸಮುದ್ರ ಗುದ್ದುವುದು ಮೊಣಕೈವರೆಗೂ ತಿಳಿಯುತ್ತಿತ್ತು. ಮಿರ್ತೆ ನಿದ್ದೆ ಹೋಗಿದ್ದಳು.

ನೀರು ಇಳಿಯತೊಡಗಿದಾಗ ಎಲ್ಲರಿಗೂ ಕೇಳುವಂತೆ ಹನ್ನೆರಡು ಹೆಸರನ್ನೂ ಹೇಳಿದೆ. ಏಳನೆಯ ಹೆಸರಿನ ಜೊತೆ, ತನ್ನೆಯಂತೆ, ಎರಡು ಮಾತನ್ನೂ ಹೇಳಿದೆ.