ಕೆಥೆಡ್ರಲ್ಲಿಗೆ ಅರ್ಧ ಪ್ರದಕ್ಷಿಣೆ

ನಾನು ಸಂಶಯದ ಹೆಂಗಸು. ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖು ಓದಿದ ಮೇಲೂ ಮೂಸಿ ನೋಡುತ್ತೇನೆ. ಸಿಂಗಪುರದ ಬುಕಿತ್ ಬಾಟೋಕ್‌ನ ನಮ್ಮ ಬ್ಲಾಕಿನ ಲಿಫ್ಟು ಬಾಗಿಲು ಮುಚ್ಚುವ ಮೊದಲು ಒಂದು ಕ್ಷಣ ತಡೆಯುತ್ತದಲ್ಲ, ಆಗ ಅದು ಏನು ಯೋಚಿಸುತ್ತಿರಬಹುದು ಎಂದು ನಾನು ಯೋಚಿಸುತ್ತೇನೆ. ಇತ್ತೀಚೆಗೆ ಈ ಸಂಶಯಕ್ಕೆಲ್ಲ ಒಂದು ಒಳ್ಳೆಯ ಗುರಿ ಸಿಕ್ಕಿದೆ. ನನ್ನ ಮಗಳು ಶೈಲಾ.

ಪಾಯಾ ಲೆಬಾರ್‌ನ ಆಫೀಸಿನಿಂದ ಫೋನ್ ಮಾಡಿ, "ಮಮ್ಮಿ, ಬೆಳಿಗ್ಗೆ ಏನ್ ತಿಂದಿ?" ಅನ್ನುತ್ತಾಳೆ. ದನಿಯಲ್ಲಿ ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಉಪ್ಪಿಟ್ಟು ಮಾಡಿಟ್ಟು ಹೋದವಳು ಅವಳೇ. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವವರು ಟೀಚರುಗಳು, ಇಲ್ಲವೇ ಪೊಲೀಸರು. ಮಾತಿನ ನಡುವೆ ಬಲು ಸಹಜವಾಗಿ "ಇವತ್ತು ಯಾವ ವಾರ?" ಎಂದೂ ತೂರಿಸುತ್ತಾಳೆ. ನನ್ನ ಫೋನಿಗೆ ಒಂದು ಆ್ಯಪ್ ಹಾಕಿದ್ದಾಳೆ. ನಾನು ಕೆಳಗೆ ಬ್ಲಾಕಿನ ಬುಡದ ತೆರೆದ ಜಗಲಿಯಾದ ವಾಯ್ಡ್ ಡೆಕ್ಕಿನಲ್ಲಿ ಗಾಳಿಗೆ ಕೂತರೂ ಅವಳ ಪರದೆಯ ಮೇಲೆ ನೀಲಿ ಚುಕ್ಕೆಯಾಗಿ ಹೊಳೆಯುತ್ತೇನಂತೆ. ಇಷ್ಟು ವಯಸ್ಸಾದ ಮೇಲೆ ಹೊಳೆಯುವ ಯೋಗ ಬಂದಿತಲ್ಲ ಎಂದು ಸಂತೋಷಪಡಬೇಕು.

ಇದಕ್ಕೆಲ್ಲ ಮೂಲ ಇಂಗ್ಲೆಂಡಿನ ಒಂದು ಹಳೆಯ ಕೆಥೆಡ್ರಲ್ ಊರು. ಹೆಸರು ಹೇಳುವುದಿಲ್ಲ. ಅಲ್ಲಿ ನಮಗೆ ಊರು ತೋರಿಸಿದ ಗೈಡ್‌ಗೆ ಕನ್ನಡ ಬರುವುದಿಲ್ಲ ನಿಜ, ಆದರೆ ಈಗಿನ ಫೋನುಗಳು ಏನನ್ನು ಬೇಕಾದರೂ ಓದಿ ಹೇಳಿಬಿಡುತ್ತವೆ.

ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಕಲಿಸಿದ ಸಿಸ್ಟರ್ ಆ ಸೀಮೆಯವರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಊರು ಬರೆಯುತ್ತಿದ್ದರು. ಸುತ್ತ ಕೋಟೆ ಗೋಡೆ, ಒಳಗೆ ಡೊಂಕು ಓಣಿಗಳು, ನಡುವೆ ಲಂಗರು ಹಾಕಿದ ಹಡಗಿನ ಹಾಗೆ ಕೆಥೆಡ್ರಲ್. "ಗರ್ಲ್ಸ್, ಹಳೆಯ ಊರಿಗೆ ಕಾಲ್ನಡಿಗೆಯಲ್ಲೇ ಹೋಗಬೇಕು" ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಅವರ ಕಣ್ಣು ಕಿಟಕಿಯ ಆಚೆ ಎಲ್ಲೋ ಇರುತ್ತಿತ್ತು. ಹುಬ್ಬಳ್ಳಿಗೂ ಬಸ್ಸಿನಲ್ಲೇ ಹೋಗುವ ನಾವು ಗಂಭೀರವಾಗಿ ತಲೆಯಾಡಿಸುತ್ತಿದ್ದೆವು. ಅಲ್ಲಿಯ ರಾಜರ ಹೆಂಡತಿಯರ ಹೆಸರು ನನಗೆ ಸರಾಗವಾಗಿ ಬಾಯಿಗೆ ಬರುತ್ತಿತ್ತು. ನೆರೆಯ ಬಾದಾಮಿಯ ಗುಹೆಗಳನ್ನು ನೋಡಿದ್ದು ಮಾತ್ರ ಮದುವೆಯಾಗಿ, ಶೈಲಾ ಹುಟ್ಟಿದ ಮೇಲೆ.

ಹೋದ ಜೂನ್ ರಜೆಯಲ್ಲಿ ಶೈಲಾ ನನ್ನನ್ನೂ ಮೊಮ್ಮಗಳು ಅನ್ವಿಯನ್ನೂ ಆ ಊರಿಗೆ ಕರೆದುಕೊಂಡು ಹೋಗಿ ವಾಕಿಂಗ್ ಟೂರ್ ಬುಕ್ ಮಾಡಿದಳು. ಗೈಡ್ ಬಲು ಎತ್ತರದ ಮನುಷ್ಯ, ಬಿಸಿಲಿನಲ್ಲೂ ಮಡಚಿದ ಕೊಡೆಯನ್ನು ಬಾವುಟದಂತೆ ಎತ್ತಿ ಹಿಡಿದಿದ್ದ. ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ಗಾಜಿನ ಕೆಳಗೆ ರೋಮನ್ನರ ಗೋಡೆ ತೋರಿಸಿದ. ಅದರ ಮೇಲೆ ಟಾರ್ಚು ಬಿಟ್ಟಿದ್ದ ರೀತಿ ನೋಡಿ ನನಗೆ ಅನುಮಾನ ಬಂತು. "ಈಸ್ ಇಟ್ ಒರಿಜಿನಲ್?" ಎಂದೆ. "ಪಾರ್ಟ್ಸ್ ಆಫ್ ಇಟ್, ಮ್ಯಾಡಮ್" ಎಂದ. ಓಣಿಯ ಮೇಲೆ ಎದುರುಬದುರು ವಾಲಿ, ಗುಟ್ಟು ಹೇಳುವವರಂತೆ ನಿಂತ ಮರದ ಮನೆಗಳನ್ನು ತೋರಿಸಿದ. ಅವುಗಳ ತೊಲೆಗಳ ಕಪ್ಪು ನನ್ನ ಪಕ್ಕದ ಮನೆಯಾಕೆಯ ತಲೆಗೂದಲಿನ ಕಪ್ಪಿನಂತೆಯೇ ಇತ್ತು. "ಒರಿಜಿನಲ್?" "ಪಾರ್ಟ್ಸ್ ಆಫ್ ಇಟ್, ಮ್ಯಾಡಮ್." ಅನ್ವಿ ನಾಚಿಕೆಯಿಂದ ಹಿಂದೆ ಸರಿದು ನಡೆಯತೊಡಗಿದಳು. ಆದರೂ ಆ ಉತ್ತರ ನನಗೆ ಹಿಡಿಸಿತು. ಬಲಮೊಣಕಾಲು ಬದಲಾಯಿಸಿಕೊಂಡವಳು ನಾನು. ನನ್ನನ್ನು ಯಾರಾದರೂ ಕೇಳಿದರೆ ಇನ್ನು ಹೀಗೆಯೇ ಹೇಳಬೇಕು ಅಂದುಕೊಂಡೆ.

ಕೆಥೆಡ್ರಲ್ಲಿನ ಒಳಗೆ ಯಾತ್ರಿಕರು ಹತ್ತಿ ಹತ್ತಿ ನಡುವೆ ತಗ್ಗು ಬಿದ್ದ ಕಲ್ಲಿನ ಮೆಟ್ಟಿಲುಗಳಿದ್ದವು. ಅವುಗಳ ಬಗ್ಗೆ ಮಾತ್ರ ನಾನೇನೂ ಕೇಳಲಿಲ್ಲ. ಹಾಗೆ ಸವೆದ ಕಲ್ಲನ್ನು ನಮ್ಮ ಗುಡಿಗಳ ಹೊಸ್ತಿಲಲ್ಲಿ ಎಷ್ಟೊಂದು ಸಲ ತುಳಿದಿಲ್ಲ!

ಹೊರಗೆ ಬಂದ ಮೇಲೆ ತಕರಾರು. ಕಟ್ಟಡವನ್ನು ಒಂದು ಸುತ್ತು ಹಾಕೋಣವೆಂದ ಗೈಡ್ ಎಲ್ಲರನ್ನೂ ಎಡಸುತ್ತಾಗಿ ಹೊರಡಿಸಿದ. ದೇವರ ಮನೆ ಯಾರದಾದರೂ ಆಗಲಿ, ಅಪ್ರದಕ್ಷಿಣೆ ಹಾಕಲು ನನಗೆ ಮನಸ್ಸಾಗಲಿಲ್ಲ. "ನಾ ಈ ಕಡೆಯಿಂದ ಬರ್ತೀನಿ, ಹಿಂದ ಸಿಗೂಣು" ಎಂದು ಶೈಲಾಗೆ ಹೇಳಿ, ಒಬ್ಬಳೇ ಬಲಸುತ್ತಾಗಿ ಹೊರಟೆ.

ಉತ್ತರದ ಗೋಡೆಯ ಬದಿಯಲ್ಲಿ, ಎತ್ತರದಲ್ಲಿ, ಬಾಯಿ ಕಳೆದ ಕಲ್ಲಿನ ಮುಖವೊಂದು ಬೆಳಗಿನ ಮಳೆಯ ನೀರನ್ನು ತೊಟ್ಟಿಕ್ಕಿಸುತ್ತಿತ್ತು. ಕೆಳಗೆ ಬಿದ್ದ ನೀರು ಕಲ್ಲಿನ ಕಾಲುವೆಯಲ್ಲಿ ದಾರಿಗೆ ಅಡ್ಡಲಾಗಿ ಹರಿಯುತ್ತಿತ್ತು. ನಾನು ಅಲ್ಲಿಯವರೆಗೆ ಹೋದೆ, ತಿರುಗಿದೆ, ಬಂದ ದಾರಿಯಲ್ಲೇ ವಾಪಸ್ ನಡೆದೆ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ನಮ್ಮವರು ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ, ಹಿಂದಿರುಗಿ, ಇನ್ನೊಂದು ಕಡೆಯಿಂದ ಮತ್ತೆ ಅಲ್ಲಿಗೇ ಬರಬೇಕು. ನಾನೂ ಹಾಗೆಯೇ ಮುಂಬಾಗಿಲನ್ನು ಹಾದು, ದಕ್ಷಿಣಕ್ಕೆ ಹೋಗಿ, ಹಿಂಭಾಗವನ್ನು ಬಳಸಿ, ಕಾಲುವೆಯ ಆಚೆ ದಡಕ್ಕೆ ಬಂದು ನಿಂತೆ.

ಅಷ್ಟರಲ್ಲಿ ಹಿಂಭಾಗದಲ್ಲಿ ಕಾದು ಸುಸ್ತಾದ ಶೈಲಾ ಆ ಕಾಲುವೆಯನ್ನು ದಾಟಿ ಮುಂಬಾಗಿಲಿಗೆ ಓಡಿದ್ದಳು. ಅಲ್ಲೂ ಮಮ್ಮಿ ಇಲ್ಲ. ಅಳು ಮುಖ ಮಾಡಿಕೊಂಡು ವಾಪಸ್ ಓಡಿಬಂದಳು. ನಡುವೆ ಕಾಲುವೆ, ಈಚೆ ಅವಳು, ಆಚೆ ನಾನು.

"ಎಲ್ಲಿ ಹೋಗಿದ್ದಿ ಮಮ್ಮಿ? ನನ್ನ ಜೀವ ಬಾಯಿಗೆ ಬಂದಿತ್ತು! ಬಾ ಈ ಕಡೆ."

"ನೀನ ಸುತ್ತಿ ಬಾ. ನಾ ಇದನ್ನ ದಾಟಂಗಿಲ್ಲ."

"ಗೇಣುದ್ದ ಗಟಾರ ಐತಿ! ಯಾಕ ದಾಟಂಗಿಲ್ಲ?"

ಗೈಡ್ ಕೊಡೆ ಹಿಡಿದು ನೋಡುತ್ತಿದ್ದ. ಅನ್ವಿ, "ಅಜ್ಜಿ, ಸೋ ಸ್ಮಾಲ್ ಡ್ರೇನ್, ಜಸ್ಟ್ ಜಂಪ್ ಲಾ!" ಎಂದು ತನ್ನ ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿದಳು. ಸಿಸ್ಟರ್ ಕಲಿಸಿದ ಊರಿನಲ್ಲಿ, ಇಗರ್ಜಿಯ ಮಳೆನೀರಿಗೆ ಸೋಮಸೂತ್ರದ ಮರ್ಯಾದೆ ಕೊಟ್ಟೆ ಎಂದು ಯಾವ ಬಾಯಿಂದ ಹೇಳಲಿ? ಶೈಲಾ ಕಾಲುವೆ ದಾಟಿ ಬಂದು ನನ್ನ ಮೊಣಕೈ ಹಿಡಿದಳು. ಸಿಂಗಪುರದವರೆಗೂ ಬಿಡಲಿಲ್ಲ.

ಮನೆಗೆ ಬಂದ ವಾರವೇ ಅಡುಗೆಮನೆಯಲ್ಲಿ ಶೈಲಾ ಅಳಿಯನ ಹತ್ತಿರ ಪಿಸುಗುಟ್ಟಿದ್ದು ಕೇಳಿಸಿತು: "ಮೆಮೊರಿ ಕ್ಲಿನಿಕ್". ಡಾಕ್ಟರು ನೋಡುವ ತನಕ ಒಬ್ಬಳೇ ಹೊರಗೆ ಹೋಗಬಾರದೆಂದು ಅಪ್ಪಣೆಯಾಯಿತು. ಬೆಳಿಗ್ಗೆ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನ ತನಕ ನಡೆದುಹೋಗಿ, ಇಲ್ಲಿಯವರು ಕೋಪಿ ಎನ್ನುವ ಕಾಫಿ ಕುಡಿದು, ಬೇರೆಯವರ ಜಗಳ ಕೇಳಿಸಿಕೊಂಡು ಬರುವುದು ನನ್ನ ದಿನದ ಅತ್ಯುತ್ತಮ ಭಾಗ. ಅದು ಹೋಯಿತು. ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳದಿರಲು ಇನ್ನೊಂದು ಕಾರಣವಿತ್ತು. ಕಾಲುವೆಯ ಹತ್ತಿರ ನನ್ನ ಕಾಲು ಮೊದಲು ತಿರುಗಿತ್ತು. ಸೋಮಸೂತ್ರ ನೆನಪಾದದ್ದು ಆಮೇಲೆ. ಯಾಕೆ ತಿರುಗಿದೆನೆಂದು ತಿಳಿಯದೆ ತಿರುಗಿ, ನಂತರ ಒಂದು ಚಂದದ ಕಾರಣ ಹೊಂದಿಸಿಕೊಂಡೆನೇ? ಹಾಲಿನಿಂದ ಹಿಡಿದು ರೋಮನ್ನರವರೆಗೆ ಎಲ್ಲರನ್ನೂ ಸಂಶಯಿಸಿದವಳು ಕೊನೆಗೆ ನನ್ನನ್ನೇ ಮೂಸಿ ನೋಡಿಕೊಳ್ಳುವಂತಾಯಿತು. ಸ್ನಾನಕ್ಕೆ ಹೋಗಿ ಟವೆಲ್ ಮರೆತರೂ ಇವತ್ತು ಯಾವ ವಾರವೆಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಹೋದ ಭಾನುವಾರ ಶೈಲಾ ನನ್ನನ್ನು ಇಲ್ಲಿಯ ಶಿವನ ಗುಡಿಗೆ ಕರೆದುಕೊಂಡು ಹೋದಳು. ಗರ್ಭಗುಡಿಯ ಸುತ್ತ ಜನ ಸಾಲಾಗಿ, ತಡೆಯಿಲ್ಲದೆ, ಪೂರ್ತಿ ಸುತ್ತು ಹಾಕುತ್ತಿದ್ದರು. ಅವಳು ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತ, ಕುತ್ತಿಗೆ ಹೊರಳಿಸಿ ಮಾತಾಡುತ್ತಿದ್ದಳು. "ಸಿಟ್ಟಾಗಬ್ಯಾಡ ಮಮ್ಮಿ. ಡಾಕ್ಟರ್ ಸುಮ್ನ ಎರಡು ಪ್ರಶ್ನೆ ಕೇಳ್ತಾರ, ಅಷ್ಟ. ಅಪಾಯಿಂಟ್‌ಮೆಂಟ್ ಗುರುವಾರ..." ಎನ್ನುತ್ತಲೇ ಅಭಿಷೇಕದ ನೀರಿನ ಗೋಮುಖದ ಹತ್ತಿರ ಬಂದಳು. ಮಾತು ನಿಲ್ಲಲಿಲ್ಲ, ಕಣ್ಣು ಕೆಳಗೆ ಇಳಿಯಲಿಲ್ಲ. ಕಾಲು ಮಾತ್ರ ತಿರುಗಿತು. ಬರುವ ಸಾಲಿಗೆ ಎದುರಾಗಿ, ಜನರನ್ನು ತಳ್ಳಿಕೊಂಡು, ನನ್ನ ಮುಖದ ಮುಂದೆ ಬಂದು ನಿಂತಳು. ಹಿಂದಿನಿಂದ ಯಾರೋ ತಮಿಳಿನಲ್ಲಿ ಗೊಣಗಿದರು.

"ಎಲ್ಲಿ ಹೊಂಟಿ?" ಎಂದೆ.

"ಅಂದ್ರ?"

"ಎಲ್ಲಾರೂ ಆ ಕಡೆ ಹೊಂಟಾರ. ನೀ ಯಾಕ ತಿರುಗಿದಿ?"

ಶೈಲಾ ಹಿಂದಿರುಗಿ ಗೋಮುಖ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಗೋಮುಖ. ಚಿಕ್ಕವಳಿದ್ದಾಗ ಆ ತಿರುವಿನಲ್ಲಿ ಅವಳ ಭುಜ ಹಿಡಿದು ತಿರುಗಿಸಿದವಳು ನಾನೇ, ನನ್ನ ಭುಜ ತಿರುಗಿಸಿದವಳು ನನ್ನ ಅವ್ವ.

"ಮಮ್ಮಿ," ಎಂದಳು ನಿಧಾನವಾಗಿ, "ಅಲ್ಲಿ... ಚರ್ಚಿನ ಗಟಾರಕ್ಕ?"

ನಾನು ಮೇಲೆ ತೂಗುತ್ತಿದ್ದ ಗಂಟೆಯನ್ನು ನೋಡತೊಡಗಿದೆ. ಅವಳು ನಗಲು ಶುರುಮಾಡಿದಳು. ನಗುತ್ತ ಕಣ್ಣು ಒರೆಸಿಕೊಂಡಳು. ಎಷ್ಟು ದಿನದಿಂದ ಹೆದರಿದ್ದಳೆಂದು ನನಗೆ ಆಗ ಗೊತ್ತಾಯಿತು. ಪ್ರಶ್ನೆ ಕೇಳುವವರಲ್ಲಿ ಟೀಚರು, ಪೊಲೀಸರನ್ನು ಬಿಟ್ಟು ಮೂರನೆಯ ಜಾತಿಯೊಂದಿದೆ. ಅದನ್ನು ಮರೆತೇಬಿಟ್ಟಿದ್ದೆ.

"ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ತೀನಿ," ಎಂದಳು.

"ಬ್ಯಾಡ. ಇಬ್ಬರಿಗೂ ತೊಗೊ. ನೀನೂ ಗೊತ್ತಿಲ್ಲದ ತಿರುಗಿದಿ."

ಈಗ ಮತ್ತೆ ಬೆಳಿಗ್ಗೆ ಒಬ್ಬಳೇ ಕೋಪಿಗೆ ಹೋಗುತ್ತೇನೆ. ಆ್ಯಪ್ ಇನ್ನೂ ಇದೆ. ಅದರಲ್ಲಿ ಅವಳ ಚುಕ್ಕೆಯೂ ಕಾಣುತ್ತದೆಂದು ಅನ್ವಿ ತೋರಿಸಿಕೊಟ್ಟಿದ್ದಾಳೆ. ಸಂಜೆ ಅದು ಪಾಯಾ ಲೆಬಾರ್ ಬಿಟ್ಟು ಹೊರಡುವುದು ತಡವಾದರೆ ನಾನು ಫೋನ್ ಮಾಡಿ, "ಮಧ್ಯಾಹ್ನ ಏನ್ ತಿಂದಿ?" ಎಂದು ಕೇಳುತ್ತೇನೆ. ಡಬ್ಬಿ ಕಟ್ಟಿಕೊಟ್ಟವಳು ನಾನೇ. ಗುರುವಾರ ಡಾಕ್ಟರು ನೆನಪಿನ ಶಕ್ತಿ ಹೇಗಿದೆ ಎಂದು ಕೇಳಿದರೆ ಏನು ಹೇಳಬೇಕೆಂಬುದು ನನಗೆ ಚೆನ್ನಾಗಿ ನೆನಪಿದೆ: ಪಾರ್ಟ್ಸ್ ಆಫ್ ಇಟ್, ಡಾಕ್ಟರ್. ಉಳಿದದ್ದು ಕಾಲಿನಲ್ಲಿದೆ.