ಪರವಾನಿಗೆ ಸಿಕ್ಕಿದ ಮೇಲೆ

ನನ್ನ ಗಂಡ ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಿದ್ದವರು. ಬಲೆ ಎಳೆಯುವ ಹಗ್ಗಕ್ಕೆ ಬಲಗೈ ಸಿಕ್ಕಿ ಎರಡು ಬೆರಳು ಹೋದವು, ಉಳಿದವು ಮಡಚಲು ಬಾರದೆ ಹಾಗೆಯೇ ನಿಂತವು. ಆಮೇಲೆ ಯಾವ ಬೋಟಿನವರೂ ಅವರನ್ನು ಕರೆಯಲಿಲ್ಲ. ಎರ್ಮಾಳಿನ ಮನೆಯಲ್ಲಿ ಸುಮ್ಮನೆ ಕುಳಿತವರಿಗೆ ದಿನವಿಡೀ ಕಡಲಿನ ಸದ್ದು ಕೇಳುತ್ತಿತ್ತು. ಅವರು ಕಿವಿ ಮುಚ್ಚಿಕೊಂಡು ಮಲಗಿದ್ದನ್ನು ಒಂದು ದಿನ ಕಂಡ ಮೇಲೆ ನಾನೇ ಹಟ ಹಿಡಿದು ತವರಿನ ಕಡೆಗೆ, ಅಲೆವೂರಿಗೆ ಮನೆ ಬದಲಾಯಿಸಿದೆ. ಮಣಿಪಾಲದ ಹಾಸ್ಟೆಲಿನ ಗೋಡೆಯ ಪಕ್ಕ ಕೈಗಾಡಿ ಇಟ್ಟು ಗೋಳಿಬಜೆ ಮಾರೋಣ ಎಂದದ್ದೂ ನಾನೇ.

"ಕಡಲಿಗೆ ಹೋಗುವವ ಬಾಣಲೆ ಎದುರು ನಿಲ್ಲುದಾ?" ಎಂದರು. ಆದರೂ ನಿಂತರು.

ಗೋಳಿಬಜೆ ಮಾಡುವುದು ಸುಲಭ ಎಂದು ತಿನ್ನುವವರು ತಿಳಿಯುತ್ತಾರೆ. ಹುಳಿ ಮಜ್ಜಿಗೆಯಲ್ಲಿ ಕಲಸಿದ ಹಿಟ್ಟನ್ನು ಬೆರಳ ತುದಿಯಿಂದ ದುಂಡಗೆ ಎಣ್ಣೆಗೆ ಬಿಡಬೇಕು. ಅವರು ಅದನ್ನು ಎಡಗೈಯಲ್ಲಿ ಕಲಿತರು. ಮೊದಮೊದಲು ಎಲ್ಲಕ್ಕೂ ಬಾಲ ಬರುತ್ತಿತ್ತು. "ಇದು ಬಜೆ ಅಲ್ಲ, ಬಂಗುಡೆ ಮೀನು" ಎಂದು ತಾವೇ ನಗುತ್ತಿದ್ದರು. ಕೈ ಹೋದ ಮೇಲೆ ಅವರು ನಕ್ಕದ್ದು ಆಗಲೇ. ಸಂಜೆ ತರಗತಿ ಬಿಟ್ಟ ಮಕ್ಕಳು ಗಾಡಿ ಸುತ್ತ ನಿಲ್ಲುತ್ತಿದ್ದರು. ನನ್ನ ಗಂಡ ಹರಕುಮುರುಕು ಹಿಂದಿಯಲ್ಲಿ ಅವರಿಗೆ ಕಡಲಿನ ಕತೆ ಹೇಳುತ್ತಾ, ಚಟ್ನಿ ಹಾಕಲು ಮರೆತು ನನ್ನಿಂದ ಬೈಸಿಕೊಳ್ಳುತ್ತಿದ್ದರು. ನಾವು ಇನ್ನು ಬದುಕಿಕೊಳ್ಳುತ್ತೇವೆ ಎಂದು ನಾನು ನಂಬಿದ್ದು ಆ ಕಾಲದಲ್ಲಿ.

ಒಂದು ಸಂಜೆ ಬಾಣಲೆಯಲ್ಲಿ ಬಜೆ ಇರುವಾಗಲೇ ನಗರಸಭೆ ಕಚೇರಿಯ ವಾಹನ ಬಂದು ನಿಂತಿತು. "ಪರವಾನಿಗೆ ಉಂಟಾ?" ಎಂದು ಕೇಳಿದರು. ಇರಲಿಲ್ಲ. ನಮ್ಮ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಬಿಸಿ ಎಣ್ಣೆ ಯಾರ ಮೈಮೇಲಾದರೂ ಚೆಲ್ಲೀತೆಂದು ನನ್ನ ಗಂಡನೇ ಬಾಣಲೆ ಇಳಿಸಿ, ಗಾಡಿಯನ್ನು ವಾಹನಕ್ಕೆ ಹತ್ತಿಸಲು ಅವರಿಗೆ ಹೆಗಲು ಕೊಟ್ಟರು.

ಮರುದಿನ ಕಚೇರಿಗೆ ಹೋದೆವು. ಮೇಜಿನ ಆಚೆ ಇದ್ದವರು ಕೆಟ್ಟವರಲ್ಲ. ನಮ್ಮ ಗಾಡಿಯಲ್ಲಿ ತಿಂದವರೇ.

"ಸರ್ವೆಯಲ್ಲಿ ನಿಮ್ಮ ಹೆಸರು ಬರಬೇಕು ಅಕ್ಕ. ಬೀದಿಯಲ್ಲಿ ವ್ಯಾಪಾರ ಮಾಡುತ್ತಾ ಇರುವವರನ್ನು ಮಾತ್ರ ಅದರಲ್ಲಿ ಸೇರಿಸುದು."

"ಮಾಡುತ್ತಾ ಇದ್ದೆವಲ್ಲ? ಗಾಡಿಯನ್ನು ನೀವೇ ಅಲ್ವಾ ತಂದದ್ದು?"

"ಹೌದು. ಆದರೆ ಈಗ ಮಾಡುತ್ತಾ ಇಲ್ಲವಲ್ಲ."

"ಮತ್ತೆ ಇಡಬಹುದಾ?"

"ಪರವಾನಿಗೆ ಇಲ್ಲದೆ ಹೇಗೆ ಇಡುದು ಅಕ್ಕ?"

ನಾನು ಗಂಡನ ಮುಖ ನೋಡಿದೆ. ಅವರು ಬಲಗೈಯನ್ನು ಅಂಗಿಯ ಕೆಳಗೆ ಅಡಗಿಸಿಕೊಂಡು ಗೋಡೆಯನ್ನು ನೋಡುತ್ತಿದ್ದರು.

ಆ ಮಳೆಗಾಲವಿಡೀ ಕಚೇರಿಗೆ ಅಲೆದೆವು. ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರಿಗೆ ವರ್ಗ, ಹೊಸ ಸಾಹೇಬರು ಇನ್ನೂ ಬಂದಿಲ್ಲ. ಗಾಡಿ ಕೈಗೆ ಬಂದಾಗ ಒಂದು ಚಕ್ರ ಮುರಿದಿತ್ತು, ಸರಿ ಮಾಡಿಸಿದೆವು. ಕೊನೆಗೆ ಸರ್ವೆಗೆ ಬರುತ್ತೇವೆ, ಹಳೆಯ ಜಾಗದಲ್ಲಿ ಗಾಡಿ ನಿಲ್ಲಿಸಿಕೊಂಡು ಇರಿ, ಆದರೆ ಒಲೆ ಹಚ್ಚಬೇಡಿ ಎಂದರು. ಗಂಡ ಮದುವೆ ಮನೆಗೆ ಹೋಗುವಾಗ ಹಾಕುವ ಅಂಗಿ ಹಾಕಿಕೊಂಡರು. ಸರ್ವೆಯ ಹುಡುಗಿ ಮೊಬೈಲ್ ಎತ್ತಿ ಹಿಡಿದು, "ವ್ಯಾಪಾರ ಮಾಡುವ ಹಾಗೆ ನಿಲ್ಲಿ ಅಂಕಲ್" ಎಂದಳು. ತಣ್ಣಗಿನ ಖಾಲಿ ಬಾಣಲೆಯ ಮೇಲೆ ಅವರು ಎಡಗೈ ಚಾಚಿ, ಇಲ್ಲದ ಹಿಟ್ಟನ್ನು ಬಿಡುವವರ ಹಾಗೆ ನಿಂತರು. ದಾರಿಹೋಕರು ನೋಡಿದರು. ಅವಳು ಇನ್ನೊಮ್ಮೆ ನಿಲ್ಲಲು ಹೇಳಿದಳು. ಇನ್ನೊಮ್ಮೆ ನಿಂತರು.

ಪರವಾನಿಗೆಯ ಗುರುತಿನ ಚೀಟಿ ಬಂದ ದಿನ ನಾನು ಪಾಯಸ ಮಾಡಿದೆ. ಅಂದೇ ಸಂಜೆ ಜಾಗ ತೋರಿಸಲು ಒಬ್ಬರು ಬಂದರು. ನಮ್ಮ ಹಳೆಯ ಜಾಗ ದಾಟಿ, ಇಳಿಜಾರು ಇಳಿದು, ಬೀಗ ಹಾಕಿದ ಕಟ್ಟಡವೊಂದರ ಹಿಂದೆ ಹಳದಿ ಗೆರೆ ಎಳೆದ ಸಿಮೆಂಟ್ ಅಂಗಳಕ್ಕೆ ಕರೆದೊಯ್ದರು. ಬೀದಿ ವ್ಯಾಪಾರಕ್ಕೆಂದೇ ಮಾಡಿದ ಜಾಗವಂತೆ.

"ಇಲ್ಲಿ ಇಟ್ಟರೆ ಯಾರು ಬರ್ತಾರೆ ಮಾರಾಯ್ರೆ?" ಎಂದೆ.

"ನಿಮಗೆ ಪರವಾನಿಗೆ ಬೇಕಿತ್ತು ಅಲ್ವಾ? ಸಿಕ್ಕಿತಲ್ಲ" ಎಂದರು. ಅವರ ದನಿಯಲ್ಲಿ ಕುಹಕವೂ ಇರಲಿಲ್ಲ.

ಯಾರೂ ಬರಲಿಲ್ಲ. ನಾಯಿಗಳು ಬಂದು ಮಲಗಿದವು. ಕಲಸಿದ ಹಿಟ್ಟು ಅತಿಯಾಗಿ ಹುಳಿಯಾಗಿ ದಿನವೂ ತೆಂಗಿನ ಬುಡಕ್ಕೆ ಹೋಯಿತು. ಹಳೆಯ ಮಕ್ಕಳಲ್ಲಿ ಕೆಲವರು ಹುಡುಕಿಕೊಂಡು ಬಂದು, "ತುಂಬಾ ದೂರ ಅಂಕಲ್" ಎಂದು ತಿಂದು ಹೋದವರು ಮತ್ತೆ ಬರಲಿಲ್ಲ. ಅವರದೇನು ತಪ್ಪು? ನನ್ನ ಗಂಡ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಇಳಿಜಾರಿನ ತುದಿಯನ್ನೇ ನೋಡುತ್ತಿದ್ದರು. ಮಾತು ಕಡಿಮೆಯಾಯಿತು.

ಒಂದು ಸಂಜೆ ಅವರು ಗಾಡಿಯನ್ನು ತಾವೊಬ್ಬರೇ ತಳ್ಳಿಕೊಂಡು ಮೇಲೆ, ಹಳೆಯ ಜಾಗಕ್ಕೆ ಹೋಗಿದ್ದರು. ನಾನು ಓಡಿ ತಲುಪುವಾಗ ಪೊಲೀಸಿನವನೊಬ್ಬ, ನಮಗೆ ಮಗನಾಗುವ ಪ್ರಾಯದವನು, ಬೆರಳು ತೋರಿಸಿ ಮಾತಾಡುತ್ತಿದ್ದ.

"ಕಾರ್ಡು ಉಂಟಲ್ಲ? ಅಲ್ಲೇ ಇಡಿ. ಇಲ್ಲಿ ಇನ್ನೊಮ್ಮೆ ಕಂಡರೆ ಅದೂ ಹೋಗ್ತದೆ, ನೋಡಿ."

ನನ್ನ ಗಂಡ ಕೈಮುಗಿದರು. ಬೋಟಿನ ಮಾಲಕರ ಎದುರಲ್ಲೂ ತಲೆಯೆತ್ತಿ ಮಾತಾಡಿದವರು ಅವರು. ಆ ಮುರಿದ ಕೈಯನ್ನು ಅಡಗಿಸದೆ ಎಡಗೈಗೆ ಜೋಡಿಸಿ, "ಒಂದು ಗಂಟೆ ಮಾತ್ರ ಸರ್" ಎಂದರು. ಅವನು ಆ ಕೈಯನ್ನು ನೋಡಿ ಮುಖ ತಿರುಗಿಸಿದ. ಬಿಡಲಿಲ್ಲ.

ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಓಡದಂತೆ ಇಬ್ಬರೂ ಹಿಂದಕ್ಕೆ ಎಳೆದು ಹಿಡಿದುಕೊಂಡು ಇಳಿದೆವು.

"ನಾಳೆಯಿಂದ ಬೇಡ" ಎಂದರು ಅವರು.

"ಸ್ವಲ್ಪ ದಿನ ನೋಡುವ."

"ಎಂತ ನೋಡುದು?"

ನಾನು ಗಾಡಿಯ ಭಾರವನ್ನು ಇನ್ನಷ್ಟು ಹಿಂದಕ್ಕೆ ಎಳೆದು ಹಿಡಿದೆ.

ಗಾಡಿಯನ್ನು ಉಚ್ಚಿಲದ ಕಡೆಯವರೊಬ್ಬರು ಎಳನೀರು ಮಾರಲು ಒಯ್ದರು. ನಾನು ಹಾಸ್ಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದೆ. ಅವರು ಮನೆಯಲ್ಲೇ ಇರುತ್ತಾರೆ. ಬಾವಿಯಿಂದ ನೀರು ಸೇದಿ ಇಡುತ್ತಾರೆ, ಅನ್ನ ಮಾಡಿಡುತ್ತಾರೆ, ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎನ್ನುತ್ತಾರೆ. ಆ ಅಡುಗೆಮನೆಯಲ್ಲಿ ಕರಿದ ಎಣ್ಣೆಯ ವಾಸನೆ ನನ್ನ ಸೀರೆಗೆ, ಕೂದಲಿಗೆ ಹತ್ತಿಕೊಂಡಿರುತ್ತದೆ. ನಾನು ಒಳಗೆ ಬಂದರೆ ಅವರು ಎದ್ದು ಅಂಗಳಕ್ಕೆ ಹೋಗುತ್ತಾರೆ. ಯಾಕೆಂದು ನಾನು ಕೇಳುವುದಿಲ್ಲ. ಮಿಂದು, ಬೇರೆ ಸೀರೆ ಉಟ್ಟು ಕರೆದ ಮೇಲೆ ಊಟಕ್ಕೆ ಬರುತ್ತಾರೆ.